ಪೀಪಾಯಿಯೊಳಗೆ ಎರಡು ಅನಿಲಗಳು

ಗೋಲಿ ಸೋಡಾ ಬಾಟಲಿಯ ಗೋಲಿಯನ್ನು ಒಳಕ್ಕೆ ಒತ್ತಿದಾಗ ‘ಕೀಚ್’ ಎಂದು ಶಬ್ದವಾಗಿ, ನೀರೆಲ್ಲ ಗುಳ್ಳೆಯೆದ್ದು ಉಕ್ಕಿ ಬರುವುದನ್ನು ನೀವೆಲ್ಲ ನೋಡಿರುತ್ತೀರಿ. ಕಾರಣ ಕೇಳಿದರೆ, “ಒತ್ತಡ ಕಡಿಮೆಯಾಯಿತು, ಕರಗಿದ್ದ ಅನಿಲ ಹೊರಗೆ ಬಂತು” ಎಂಬ ಉತ್ತರ ಸಿದ್ಧವಾಗಿರುತ್ತದೆ. ಉತ್ತರವೇನೋ ಸರಿ, ಆದರೆ ಅದು ಅರ್ಧ ಮಾತ್ರ. ತೆರೆದಿಟ್ಟ ಸೋಡಾದ ಮೇಲೆಯೂ ವಾಯುಮಂಡಲದ ಒತ್ತಡ ಇದ್ದೇ ಇದೆ. ಹಾಗಿದ್ದರೂ ಕೆಲವು ಗಂಟೆಗಳಲ್ಲಿ ಸೋಡಾ ಪೂರ್ತಿ ಸಪ್ಪೆಯಾಗುವುದೇಕೆ? ಮೇಲಿರುವ ಒತ್ತಡ ಅನಿಲವನ್ನು ಯಾಕೆ ತಡೆದು ನಿಲ್ಲಿಸುವುದಿಲ್ಲ?

ಇದಕ್ಕೆ ಉತ್ತರ ಬೇಕಾದರೆ ಇನ್ನೊಂದು ಪ್ರಶ್ನೆ ಕೇಳಬೇಕು: ಆ ಒತ್ತಡ ಯಾವ ಅನಿಲದ್ದು? ‘ಎಷ್ಟು ಒತ್ತಡ’ ಎಂಬುದರ ಜೊತೆಗೆ ‘ಯಾವ ಅನಿಲದ ಒತ್ತಡ’ ಎಂದೂ ಕೇಳುವುದನ್ನು ಕಲಿತರೆ ಅನಿಲಗಳ ಅಧ್ಯಾಯದ ಅರ್ಧ ಕಷ್ಟ ನೀಗಿದಂತೆಯೇ. ಈ ಪ್ರಶ್ನೆಯನ್ನು ದಿನನಿತ್ಯ ಕೇಳಿಕೊಳ್ಳಬೇಕಾದ ಒಂದು ಉದ್ಯೋಗವಿದೆ. ಪೀಪಾಯಿಯಲ್ಲಿಟ್ಟ ಬಿಯರನ್ನು ಅನಿಲದ ಒತ್ತಡದಿಂದ ಕೊಳವೆಯ ಮೂಲಕ ತಳ್ಳಿ, ನಲ್ಲಿಯಿಂದ ಲೋಟಕ್ಕೆ ಇಳಿಸುವ ‘ಡ್ರಾಫ್ಟ್’ ವ್ಯವಸ್ಥೆಯದು ಅದು. ಮದ್ಯಪಾನ ಆರೋಗ್ಯಕ್ಕೆ ಹಾನಿಕರ. ಅದನ್ನು ಹೊಗಳುವುದು ಈ ಲೇಖನದ ಉದ್ದೇಶವಲ್ಲ. ಆದರೆ ನಿಮ್ಮ ಪಠ್ಯಪುಸ್ತಕದ ಎರಡು ನಿಯಮಗಳು ಒಂದೇ ನೊಗಕ್ಕೆ ಹೆಗಲು ಕೊಟ್ಟು ದುಡಿಯುವುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ಸುಲಭಕ್ಕೆ ಸಿಗದು. ಟೆಲಿವಿಷನ್ ಭಾಷಣದಲ್ಲಿ ಸಮಯ ಸಾಲದೆ ಬಿಟ್ಟುಬಿಡಬೇಕಾಗುವ ಲೆಕ್ಕಗಳನ್ನು ಇಲ್ಲಿ ನಿಧಾನವಾಗಿ ಮಾಡಿ ನೋಡೋಣ.

ಇಬ್ಬರು ಗೆಳೆಯರು, ಎರಡು ನಿಯಮಗಳು

ಕಥೆ ಪ್ರಾರಂಭವಾಗುವುದೂ ಒಂದು ಬಿಯರ್ ಕಾರ್ಖಾನೆಯಲ್ಲೇ. 1767ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ಪಾದ್ರಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಅಂಥ ಕಾರ್ಖಾನೆಯೊಂದರ ಪಕ್ಕದಲ್ಲಿ ವಾಸವಾಗಿದ್ದ. ಹುಳಿಯುತ್ತಿರುವ ಧಾನ್ಯದ ತೊಟ್ಟಿಗಳ ಮೇಲೆ ಯಾವುದೋ ಭಾರವಾದ ಗಾಳಿ ನಿಂತಿರುವುದನ್ನೂ, ಅದರಲ್ಲಿ ಹಿಡಿದ ದೀಪ ಆರಿಹೋಗುವುದನ್ನೂ ಅವನು ಗಮನಿಸಿದ. ಆ ಗಾಳಿಯ ನಡುವೆ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹಲವು ಸಲ ಸುರಿದಾಗ ನೀರಿಗೆ ಹಿತವಾದ ಚುರುಕು ರುಚಿ ಬಂತು. ಕೃತಕ ಸೋಡಾ ನೀರು ಹುಟ್ಟಿದ್ದು ಹೀಗೆ. ಅದನ್ನು ಮಾಡುವ ವಿಧಾನವನ್ನು ಪ್ರೀಸ್ಟ್ಲಿ 1772ರಲ್ಲಿ ಪ್ರಕಟಿಸಿದ. ಆ ಭಾರವಾದ ಗಾಳಿಯೇ ನಾವು ಇಂದು ಇಂಗಾಲದ ಡೈಆಕ್ಸೈಡ್ ಎಂದು ಕರೆಯುವ ಅನಿಲ.

ಎಷ್ಟು ಅನಿಲ ಕರಗುತ್ತದೆ ಎಂಬ ಲೆಕ್ಕ ಸಿಕ್ಕಿದ್ದು ಮ್ಯಾಂಚೆಸ್ಟರಿನ ವಿಲಿಯಂ ಹೆನ್ರಿಗೆ, 1803ರಲ್ಲಿ. ಅವನ ನಿಯಮ ಹೀಗಿದೆ: ತಾಪಮಾನ ಬದಲಾಗದಿದ್ದರೆ, ದ್ರವದಲ್ಲಿ ಕರಗುವ ಅನಿಲದ ಪ್ರಮಾಣ ಆ ದ್ರವದ ಮೇಲಿರುವ ಅದೇ ಅನಿಲದ ಒತ್ತಡಕ್ಕೆ ನೇರ ಅನುಪಾತದಲ್ಲಿರುತ್ತದೆ. ಒತ್ತಡ ಇಮ್ಮಡಿಯಾದರೆ ಕರಗುವ ಅನಿಲವೂ ಇಮ್ಮಡಿ.

ಹೆನ್ರಿಯ ಗೆಳೆಯ ಜಾನ್ ಡಾಲ್ಟನ್. ಪರಮಾಣು ಸಿದ್ಧಾಂತದಿಂದ ನಿಮಗೆ ಪರಿಚಿತನಾದವನೇ ಇವನು. ಅದೇ ಮ್ಯಾಂಚೆಸ್ಟರಿನಲ್ಲಿ 1801ರಲ್ಲಿ ಡಾಲ್ಟನ್ ಮಿಶ್ರ ಅನಿಲಗಳ ಬಗ್ಗೆ ತನ್ನ ವಿಚಾರವನ್ನು ಮಂಡಿಸಿದ್ದ. ಒಂದೇ ಪಾತ್ರೆಯಲ್ಲಿ ಹಲವು ಅನಿಲಗಳಿದ್ದರೆ ಪ್ರತಿಯೊಂದೂ, ಉಳಿದವು ಇಲ್ಲವೇ ಇಲ್ಲ ಎಂಬಂತೆ, ತನ್ನ ಪಾಲಿನ ಒತ್ತಡವನ್ನು ತಾನು ಹಾಕುತ್ತದೆ. ಈ ಪಾಲಿಗೆ ‘ಆಂಶಿಕ ಒತ್ತಡ’ ಎಂದು ಹೆಸರು. ಎಲ್ಲ ಪಾಲುಗಳ ಮೊತ್ತವೇ ಒಟ್ಟು ಒತ್ತಡ.

ಈಗ ಎರಡು ನಿಯಮಗಳನ್ನೂ ಸೇರಿಸಿ ತೆರೆದ ಸೋಡಾವನ್ನು ನೋಡಿ. ಮೇಲಿರುವ ಗಾಳಿಯ ಒಟ್ಟು ಒತ್ತಡ 1 ಅಟ್ಮಾಸ್ಫಿಯರ್. ಅದರಲ್ಲಿ ಸುಮಾರು 0.78 ಸಾರಜನಕದ ಪಾಲು, 0.21 ಆಮ್ಲಜನಕದ ಪಾಲು. ಇಂಗಾಲದ ಡೈಆಕ್ಸೈಡಿನ ಪಾಲು ಬರೀ 0.0004. ಸೋಡಾದಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡಿನ ಮಟ್ಟಿಗೆ ಮೇಲೆ ಏನೂ ಇಲ್ಲದಷ್ಟೇ ಸರಿ. ಸಾರಜನಕವೂ ಆಮ್ಲಜನಕವೂ ಎಷ್ಟೇ ಒತ್ತಿದರೂ ಅದಕ್ಕೆ ಲೆಕ್ಕವಿಲ್ಲ. ಆದ್ದರಿಂದ ಅದು ಹೊರಟುಹೋಗುತ್ತದೆ.

ಒಂದು ಅನಿಲ, ಎರಡು ಕೆಲಸ

ಪೀಪಾಯಿಗೆ ಜೋಡಿಸಿದ ಅನಿಲಕ್ಕೆ ಎರಡು ಕೆಲಸಗಳಿವೆ. ಮೊದಲನೆಯದು, ಬಿಯರಿನಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡನ್ನು ಇದ್ದಷ್ಟೇ ಇರುವಂತೆ ಕಾಯುವುದು. ಎರಡನೆಯದು, ಬಿಯರನ್ನು ನಲ್ಲಿಯವರೆಗೆ ತಳ್ಳುವುದು. ತೊಡಕಿರುವುದು ಇಲ್ಲಿಯೇ. ಮೊದಲ ಕೆಲಸಕ್ಕೆ ಬೇಕಾದ ಒತ್ತಡ ಬಿಯರಿನ ಗುಣವನ್ನೂ ತಾಪಮಾನವನ್ನೂ ಅವಲಂಬಿಸಿದೆ. ಎರಡನೆಯದಕ್ಕೆ ಬೇಕಾದದ್ದು ಕಟ್ಟಡದ ಎತ್ತರವನ್ನೂ ಕೊಳವೆಯ ಉದ್ದವನ್ನೂ ಅವಲಂಬಿಸಿದೆ. ಇವೆರಡೂ ಒಂದೇ ಆಗಿರಬೇಕೆಂಬ ನಿಯಮವೇನೂ ಇಲ್ಲ.

ಅಂಕಿಗಳನ್ನು ಇಟ್ಟು ನೋಡೋಣ. ಲಾಗರ್ ಜಾತಿಯ ಬಿಯರಿನಲ್ಲಿ ಸಾಮಾನ್ಯವಾಗಿ ಲೀಟರಿಗೆ ಸುಮಾರು 2.5 ಲೀಟರು ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ. (ಅನಿಲದ ಗಾತ್ರವನ್ನು 0 ಡಿಗ್ರಿ ಸೆಲ್ಸಿಯಸ್ ಮತ್ತು 1 ಅಟ್ಮಾಸ್ಫಿಯರ್ ಒತ್ತಡದಲ್ಲಿ ಅಳೆಯುವುದು ರೂಢಿ.) 3 ಡಿಗ್ರಿ ತಂಪಿನಲ್ಲಿ, ಪ್ರತಿ 1 ಅಟ್ಮಾಸ್ಫಿಯರ್ ಒತ್ತಡಕ್ಕೆ ಲೀಟರು ಬಿಯರಿನಲ್ಲಿ ಸುಮಾರು 1.4 ಲೀಟರು ಅನಿಲ ಕರಗುತ್ತದೆ. ಹಾಗಾದರೆ 2.5 ಲೀಟರನ್ನು ಹಿಡಿದಿಡಲು 2.5 ಭಾಗಿಸು 1.4, ಅಂದರೆ ಸುಮಾರು 1.8 ಅಟ್ಮಾಸ್ಫಿಯರ್ ಬೇಕು.

ಪೀಪಾಯಿಯೂ ನಲ್ಲಿಯೂ ಒಂದೇ ಕೋಣೆಯಲ್ಲಿದ್ದರೆ ಈ 1.8 ತಳ್ಳುವುದಕ್ಕೂ ಸಾಕು. ಶುದ್ಧ ಇಂಗಾಲದ ಡೈಆಕ್ಸೈಡಿನ ಒಂದು ಸಿಲಿಂಡರಿನಿಂದಲೇ ಎರಡೂ ಕೆಲಸಗಳು ನಡೆದುಹೋಗುತ್ತವೆ. ಆದರೆ ಪೀಪಾಯಿ ನೆಲಮಾಳಿಗೆಯಲ್ಲಿದ್ದು ನಲ್ಲಿ ಎರಡು ಅಂತಸ್ತು ಮೇಲಿದ್ದರೆ? ನೀರಿನಂಥ ದ್ರವವನ್ನು 10 ಮೀಟರು ಎತ್ತರಕ್ಕೆ ಏರಿಸಲು ಸುಮಾರು 1 ಅಟ್ಮಾಸ್ಫಿಯರ್ ಖರ್ಚಾಗುತ್ತದೆ. ಉದ್ದನೆಯ ಸಣ್ಣ ಕೊಳವೆಯ ಘರ್ಷಣೆಗೆ ಇನ್ನಷ್ಟು. ಒಟ್ಟು 3 ಅಟ್ಮಾಸ್ಫಿಯರ್ ಬೇಕಾಯಿತೆಂದು ಇಟ್ಟುಕೊಳ್ಳಿ.

ಶುದ್ಧ ಇಂಗಾಲದ ಡೈಆಕ್ಸೈಡನ್ನೇ 3 ಅಟ್ಮಾಸ್ಫಿಯರಿಗೆ ಏರಿಸಿದರೆ ಹೆನ್ರಿಯ ನಿಯಮ ಸುಮ್ಮನಿರುವುದಿಲ್ಲ. ಕೆಲವೇ ದಿನಗಳಲ್ಲಿ ಬಿಯರು 3 ಗುಣಿಸು 1.4, ಅಂದರೆ ಲೀಟರಿಗೆ 4.2 ಲೀಟರು ಅನಿಲವನ್ನು ಹೀರಿಕೊಳ್ಳುವತ್ತ ಸಾಗುತ್ತದೆ. ಆಮೇಲೆ ನಲ್ಲಿ ತಿರುಗಿಸಿದರೆ ಬರುವುದು ಬರೀ ನೊರೆ. ನೊರೆ ಕಂಡು ಗಾಬರಿಯಾಗಿ ಒತ್ತಡ ಇಳಿಸಿದರೆ ಬಿಯರು ಮೇಲಕ್ಕೆ ಏರುವುದೇ ಇಲ್ಲ. ಅತ್ತ ದರಿ, ಇತ್ತ ಪುಲಿ!

ಜೊತೆಗಾರನ ಪ್ರವೇಶ

ಈ ಬಿಕ್ಕಟ್ಟಿನಿಂದ ಪಾರುಮಾಡುವುದು ಸಾರಜನಕ. ಇಂಗಾಲದ ಡೈಆಕ್ಸೈಡಿಗೆ ಹೋಲಿಸಿದರೆ ಅದು ನೀರಿನಲ್ಲಿ ಕರಗುವುದು ತೀರಾ ಕಡಿಮೆ. 20 ಡಿಗ್ರಿಯಲ್ಲಿ ಇಂಗಾಲದ ಡೈಆಕ್ಸೈಡ್ ಅದಕ್ಕಿಂತ 50 ಪಟ್ಟಿಗೂ ಹೆಚ್ಚು ಕರಗುತ್ತದೆ. ಅಂದರೆ ಸಾರಜನಕ ತಳ್ಳಬಲ್ಲದು, ಆದರೆ ಬಿಯರಿನೊಳಗೆ ಹೆಚ್ಚೇನೂ ನುಸುಳದು. ಅದಕ್ಕೆ ರುಚಿಯೂ ಇಲ್ಲ, ಆಮ್ಲಜನಕದಂತೆ ಬಿಯರನ್ನು ಕೆಡಿಸುವ ಗುಣವೂ ಇಲ್ಲ.

ನಮ್ಮ ಲೆಕ್ಕಕ್ಕೆ ಮರಳೋಣ. ಒಟ್ಟು ಒತ್ತಡ 3 ಬೇಕು. ಅದರಲ್ಲಿ ಇಂಗಾಲದ ಡೈಆಕ್ಸೈಡಿನ ಪಾಲು 1.8 ಮಾತ್ರ ಇರಬೇಕು. 1.8 ಭಾಗಿಸು 3 ಎಂದರೆ 0.6. ಆದ್ದರಿಂದ ನೂರರಲ್ಲಿ 60 ಪಾಲು ಇಂಗಾಲದ ಡೈಆಕ್ಸೈಡ್, 40 ಪಾಲು ಸಾರಜನಕ ಇರುವ ಮಿಶ್ರಣವನ್ನು ಆರಿಸಬೇಕು. ಈಗ ಒಂದು ಅನಿಲ ಕಾಯುತ್ತದೆ, ಎರಡೂ ಸೇರಿ ತಳ್ಳುತ್ತವೆ. ಈ 60-40 ಮಿಶ್ರಣ ಬ್ರಿಟನ್ ಮುಂತಾದ ದೇಶಗಳಲ್ಲಿ ಲಾಗರಿಗೆ ಬಳಸುವ ಸಾಮಾನ್ಯ ಮಿಶ್ರಣಗಳಲ್ಲೊಂದು. ಅದು ಯಾರೋ ರುಚಿ ನೋಡಿ ಗೊತ್ತುಮಾಡಿದ ಅಂಕಿಯಲ್ಲ. ಹೆನ್ರಿ ಮತ್ತು ಡಾಲ್ಟನ್ ಇಬ್ಬರೂ ಸೇರಿ ಕೊಟ್ಟ ಉತ್ತರ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಸಿಲಿಂಡರಿನ ಮೇಲಿನ ಮಾಪಕ, ಸೈಕಲ್ ಟೈರಿನ ಮಾಪಕದಂತೆ, ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಒತ್ತಡವಿದೆ ಎಂಬುದನ್ನು ಮಾತ್ರ ತೋರಿಸುತ್ತದೆ. ಮೇಲಿನ ಉದಾಹರಣೆಯಲ್ಲಿ ಮುಳ್ಳು 2ರಲ್ಲಿ ನಿಂತಿರುತ್ತದೆ, 3ರಲ್ಲಲ್ಲ. ಯಾರಾದರೂ ಮಾಪಕದ 2ನ್ನೇ ತೆಗೆದುಕೊಂಡು 0.6ರಿಂದ ಗುಣಿಸಿದರೆ 1.2 ಬರುತ್ತದೆ; ಉತ್ತರ ತಪ್ಪು. ಮೊದಲು ವಾಯುಮಂಡಲದ 1ನ್ನು ಕೂಡಿಸಿ ನಿರಪೇಕ್ಷ ಒತ್ತಡವನ್ನು ಪಡೆಯಬೇಕು, ಆಮೇಲೆ ಪಾಲು ಹಾಕಬೇಕು. ಪರೀಕ್ಷೆಯಲ್ಲಿ ಅಂಕ ಕಳೆಯುವ ತಪ್ಪೂ ಇದೇ, ನೆಲಮಾಳಿಗೆಯಲ್ಲಿ ಬಿಯರು ಕೆಡಿಸುವ ತಪ್ಪೂ ಇದೇ.

ಮಿಶ್ರಣ ಅಗ್ಗವಾಗಿ ಸಿಕ್ಕಿತೆಂದು ಯಾವುದೋ ಒಂದನ್ನು ಜೋಡಿಸಿದರೆ ಏನಾಗುತ್ತದೆ? 25 ಪಾಲು ಇಂಗಾಲದ ಡೈಆಕ್ಸೈಡ್, 75 ಪಾಲು ಸಾರಜನಕ ಇರುವ ಮಿಶ್ರಣವನ್ನು ಲಾಗರಿಗೆ 1.8 ಅಟ್ಮಾಸ್ಫಿಯರಿನಲ್ಲಿ ಕೊಟ್ಟರೆ ಇಂಗಾಲದ ಡೈಆಕ್ಸೈಡಿನ ಪಾಲು 0.45 ಮಾತ್ರ. ಮಾಪಕದ ಮುಳ್ಳು ಸರಿಯಾದ ಜಾಗದಲ್ಲೇ ಇರುತ್ತದೆ. ಒಳಗೆ ಬಿಯರು ದಿನದಿಂದ ದಿನಕ್ಕೆ ಸಪ್ಪೆಯಾಗುತ್ತಿರುತ್ತದೆ. ಮಾಪಕಕ್ಕೆ ಒತ್ತಡ ಗೊತ್ತೇ ಹೊರತು ಅನಿಲದ ಹೆಸರು ಗೊತ್ತಿಲ್ಲ. ಇನ್ನು ಪಂಪಿನಿಂದ ಬರೀ ಗಾಳಿಯನ್ನು ತುಂಬಿದರಂತೂ ಎರಡು ಕೇಡು: ಇಂಗಾಲದ ಡೈಆಕ್ಸೈಡಿನ ಪಾಲು ಸೊನ್ನೆಯಂತಾಗಿ ಬಿಯರು ಸಪ್ಪೆಯಾಗುತ್ತದೆ, ಗಾಳಿಯ ಆಮ್ಲಜನಕ ಸೇರಿ ರುಚಿಯೂ ಹಳಸುತ್ತದೆ.

ಡಬ್ಲಿನ್ನಿನ ಗಣಿತಜ್ಞ

ಸಾರಜನಕವನ್ನು ಬರೀ ತಳ್ಳುವ ಆಳಾಗಿ ಬಳಸದೆ, ಬಿಯರಿನೊಳಕ್ಕೇ ಬೇಕೆಂದು ಸೇರಿಸಿದವರೂ ಇದ್ದಾರೆ. ಐರ್ಲೆಂಡಿನ ಡಬ್ಲಿನ್ನಿನಲ್ಲಿ 1759ರಲ್ಲಿ ಪ್ರಾರಂಭವಾದ ಗಿನ್ನೆಸ್ ಸಂಸ್ಥೆ ‘ಸ್ಟೌಟ್’ ಎಂಬ ಕಪ್ಪು ಬಿಯರಿಗೆ ಹೆಸರಾದದ್ದು. ವಿಜ್ಞಾನ, ಗಣಿತ ಬಲ್ಲವರನ್ನು ಕೆಲಸಕ್ಕೆ ಸೇರಿಸಿಕೊಳ್ಳುವುದು ಅಲ್ಲಿ ಹಳೆಯ ಪರಿಪಾಠ. ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳು ಓದುವ ‘ಸ್ಟೂಡೆಂಟ್ಸ್ ಟಿ’ ಪರೀಕ್ಷೆಯನ್ನು 1908ರಲ್ಲಿ ಪ್ರಕಟಿಸಿದ ‘ಸ್ಟೂಡೆಂಟ್’ ಬೇರಾರೂ ಅಲ್ಲ, ಅಲ್ಲಿ ಕೆಲಸಕ್ಕಿದ್ದ ವಿಲಿಯಂ ಸೀಲಿ ಗಾಸೆಟ್.

ಅದೇ ಸಂಸ್ಥೆಯ ಇನ್ನೊಬ್ಬ ಗಣಿತಜ್ಞ ಮೈಕೆಲ್ ಆ್ಯಷ್. ಮೆತ್ತನೆಯ ದಪ್ಪ ನೊರೆಯಿರುವ ಸ್ಟೌಟನ್ನು ಯಾರು ಸುರಿದರೂ ಒಂದೇ ರೀತಿ ಬರುವಂತೆ ಮಾಡುವುದು ಅವನ ಮುಂದಿದ್ದ ಸಮಸ್ಯೆ. ಅವನು ಕಂಡ ಪರಿಹಾರ ಸಾರಜನಕ. ಸಂಸ್ಥೆಗೆ 200 ವರ್ಷ ತುಂಬಿದ 1959ರಲ್ಲಿ ಈ ಹೊಸ ಡ್ರಾಫ್ಟ್ ಸ್ಟೌಟ್ ಬಳಕೆಗೆ ಬಂತು.

ಇದರ ಗುಟ್ಟು ಹೀಗಿದೆ. ಸ್ಟೌಟಿಗೆ ಕೊಡುವ ಮಿಶ್ರಣದಲ್ಲಿ ಸಾಮಾನ್ಯವಾಗಿ 70ರಿಂದ 75 ಪಾಲು ಸಾರಜನಕವೇ ಇರುತ್ತದೆ. ಒಟ್ಟು ಒತ್ತಡ 3.2 ಅಟ್ಮಾಸ್ಫಿಯರಿನಷ್ಟು ಹೆಚ್ಚಿದ್ದರೂ, 30 ಪಾಲಿನ ಮಿಶ್ರಣವಾದರೆ ಇಂಗಾಲದ ಡೈಆಕ್ಸೈಡಿನ ಆಂಶಿಕ ಒತ್ತಡ 1ಕ್ಕಿಂತ ತುಸು ಕಡಿಮೆ. ಹೀಗಾಗಿ ಸ್ಟೌಟಿನಲ್ಲಿ ಅದು ಕರಗುವುದು ಲಾಗರಿನ ಸುಮಾರು ಅರ್ಧದಷ್ಟು. ಅಷ್ಟು ಒತ್ತಡದಿಂದ ಬಂದ ಬಿಯರನ್ನು ನಲ್ಲಿಯೊಳಗೆ ಸಣ್ಣ ಸಣ್ಣ ತೂತುಗಳಿರುವ ಬಿಲ್ಲೆಯೊಂದರ ಮೂಲಕ ಹಾಯಿಸುತ್ತಾರೆ. ಅಲ್ಲಿ ಒತ್ತಡ ಥಟ್ಟನೆ ಕುಸಿದು, ಕರಗಿದ್ದ ಅಷ್ಟಿಷ್ಟು ಸಾರಜನಕ ಅತಿ ಸಣ್ಣ ಗುಳ್ಳೆಗಳಾಗಿ ಹೊರಬರುತ್ತದೆ. ಸಾಮಾನ್ಯ ನೊರೆಯಲ್ಲಿ ಸಣ್ಣ ಗುಳ್ಳೆಯ ಅನಿಲ ನಡುವಿನ ದ್ರವದಲ್ಲಿ ಕರಗಿ ಪಕ್ಕದ ದೊಡ್ಡ ಗುಳ್ಳೆಯನ್ನು ಸೇರುತ್ತದೆ. ಸಣ್ಣವು ಮಾಯವಾಗಿ ನೊರೆ ಒರಟಾಗುತ್ತದೆ. ಸಾರಜನಕ ಕರಗುವುದೇ ಕಷ್ಟವಾದ್ದರಿಂದ ಈ ಸಾಗಣೆ ನಿಧಾನ. ಆದ್ದರಿಂದಲೇ ಸ್ಟೌಟಿನ ನೊರೆ ಕೆನೆಯಂತೆ ಬಹಳ ಹೊತ್ತು ನಿಲ್ಲುತ್ತದೆ.

ಈ ಸ್ಟೌಟಿನ ಲೋಟದಲ್ಲಿ ಗುಳ್ಳೆಗಳು ಮೇಲಕ್ಕೆ ಹೋಗುವ ಬದಲು ಗಾಜಿನ ಬದಿಯಲ್ಲಿ ಕೆಳಕ್ಕೆ ಇಳಿಯುವಂತೆ ಕಾಣುತ್ತವೆ. ಇದು ಕಣ್ಣಿನ ಭ್ರಮೆಯಲ್ಲ. ಲೋಟದ ನಡುವೆ ಗುಳ್ಳೆಗಳು ಗುಂಪಾಗಿ ಏರುವಾಗ ದ್ರವವನ್ನೂ ಜೊತೆಗೆ ಎಳೆದೊಯ್ಯುತ್ತವೆ. ಆ ದ್ರವ ಬದಿಗಳಲ್ಲಿ ಕೆಳಗಿಳಿಯುತ್ತಾ ಅಲ್ಲಿನ ಹಗುರ ಗುಳ್ಳೆಗಳನ್ನು ತನ್ನೊಡನೆ ಕೊಂಡೊಯ್ಯುತ್ತದೆ. ಲೋಟ ಮೇಲಕ್ಕೆ ಹೋದಂತೆ ಅಗಲವಾಗುವುದರಿಂದ ಹೀಗಾಗುತ್ತದೆ ಎಂದು ಐರ್ಲೆಂಡಿನ ಲಿಮರಿಕ್ ವಿಶ್ವವಿದ್ಯಾಲಯದ ಗಣಿತಜ್ಞರು 2012ರಲ್ಲಿ ವಿವರಿಸಿದರು. ಸಾರಜನಕದ ಇದೇ ಉಪಾಯ ಈಗ ಕಾಫಿಗೂ ಬಂದಿದೆ. ತಣ್ಣನೆಯ ಕಾಫಿಯನ್ನು ಸಾರಜನಕದೊಡನೆ ನಲ್ಲಿಯಿಂದ ಇಳಿಸಿ ಕೆನೆಗಟ್ಟಿದ ನೊರೆ ಬರಿಸುತ್ತಾರೆ. ಅಲ್ಲಿ ಇಂಗಾಲದ ಡೈಆಕ್ಸೈಡನ್ನು ಬಳಸಿದರೆ ಕಾರ್ಬಾನಿಕ್ ಆಮ್ಲ ಉಂಟಾಗಿ ಕಾಫಿ ಹುಳಿಯಾಗುತ್ತದೆ.

ನೆಲಮಾಳಿಗೆಯ ಅಪಾಯ

ತಪ್ಪು ಮಿಶ್ರಣದಿಂದ ಕೆಡುವುದು ಒಂದು ಪೀಪಾಯಿ ಬಿಯರು ಮಾತ್ರ. ಆದರೆ ಇದೇ ಅನಿಲಗಳು ಸೋರಿದರೆ ಹೋಗುವುದು ಮನುಷ್ಯನ ಪ್ರಾಣ. ಇಲ್ಲಿಯೂ ಕೇಳಬೇಕಾದ ಪ್ರಶ್ನೆ ಅದೇ: ಯಾವ ಅನಿಲದ ಪಾಲು ಎಷ್ಟು?

ಒಂದು ಸಿಲಿಂಡರಿನಲ್ಲಿ 10 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಇದೆ ಎನ್ನಿ. 44 ಗ್ರಾಂ ಅನಿಲ 20 ಡಿಗ್ರಿಯಲ್ಲಿ ಸುಮಾರು 24 ಲೀಟರು ಜಾಗ ಹಿಡಿಯುತ್ತದೆ. ಹಾಗಾದರೆ 10 ಕಿಲೋಗ್ರಾಂ ಎಂದರೆ ಸುಮಾರು 5,500 ಲೀಟರು, ಅಂದರೆ 5.5 ಘನಮೀಟರು. 4 ಮೀಟರು ಉದ್ದ, 4 ಮೀಟರು ಅಗಲ, 2.5 ಮೀಟರು ಎತ್ತರದ ನೆಲಮಾಳಿಗೆಯ ಗಾತ್ರ 40 ಘನಮೀಟರು. ಗಾಳಿಯಾಡದ ಆ ಕೋಣೆಯಲ್ಲಿ ಸಿಲಿಂಡರ್ ಪೂರ್ತಿ ಸೋರಿದರೆ ಗಾಳಿಯಲ್ಲಿ ಶೇಕಡ 13ರಷ್ಟು ಇಂಗಾಲದ ಡೈಆಕ್ಸೈಡ್ ಸೇರಿಕೊಳ್ಳಬಹುದು. ಶೇಕಡ 3ರಿಂದ 5ರಲ್ಲೇ ತಲೆನೋವು, ಏದುಸಿರು ಬರುತ್ತವೆ. ಶೇಕಡ 10 ದಾಟಿದರೆ ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಅಲ್ಲದೆ ಈ ಅನಿಲ ಗಾಳಿಗಿಂತ ಒಂದೂವರೆ ಪಟ್ಟು ಭಾರ. ನೆಲದ ಬಳಿ ಅದು ಇನ್ನೂ ದಟ್ಟವಾಗಿರುತ್ತದೆ. ಬಗ್ಗಿದವನಿಗೂ ಬಿದ್ದವನಿಗೂ ಅಪಾಯ ಹೆಚ್ಚು.

ಸಾರಜನಕದ ಅಪಾಯ ಇನ್ನೊಂದು ಬಗೆಯದು. ಅದು ವಿಷವಲ್ಲ, ನಾವು ಉಸಿರಾಡುವ ಗಾಳಿಯ ಮುಕ್ಕಾಲು ಪಾಲಿಗೂ ಹೆಚ್ಚು ಅದೇ. ಆದರೆ ಅದು ಹೆಚ್ಚಾದಷ್ಟೂ ಆಮ್ಲಜನಕದ ಪಾಲು ಕುಗ್ಗುತ್ತದೆ. ‘ಉಸಿರು ಕಟ್ಟುತ್ತಿದೆ’ ಎಂಬ ಅನುಭವವನ್ನು ನಮ್ಮ ದೇಹ ಮುಖ್ಯವಾಗಿ ಪಡೆಯುವುದು ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಾಗ, ಆಮ್ಲಜನಕ ಇಳಿದಾಗ ಅಲ್ಲ. ಸಾರಜನಕ ತುಂಬಿದ ಕೋಣೆಯಲ್ಲಿ ಉಸಿರು ಸರಾಗವಾಗಿಯೇ ಆಡುತ್ತಿರುತ್ತದೆ. ಮುನ್ಸೂಚನೆ ಇಲ್ಲದೆ ಮನುಷ್ಯ ಕುಸಿದು ಬೀಳುತ್ತಾನೆ. ಆದ್ದರಿಂದಲೇ ಇಂಥ ನೆಲಮಾಳಿಗೆಗಳಲ್ಲಿ ಗಾಳಿ ಆಡುವ ವ್ಯವಸ್ಥೆಯೂ, ಅನಿಲವನ್ನು ಅಳೆದು ಕೂಗುವ ಎಚ್ಚರಿಕೆ ಗಂಟೆಯೂ ಇರಬೇಕು.

ಈ ಮಾತು ನೆಲಮಾಳಿಗೆಗಷ್ಟೇ ಸೀಮಿತವಲ್ಲ. ಉತ್ತರ ಕರ್ನಾಟಕದ ಊರುಗಳಲ್ಲಿ ಜೋಳ ತುಂಬಿಡುತ್ತಿದ್ದ ಹಗೇವುಗಳ ಬಗ್ಗೆ ನಿಮ್ಮ ಹಿರಿಯರು ಹೇಳಿರಬಹುದು. ನೆಲದಡಿಯ ಆ ಕಣಜದಲ್ಲಿ ಕಾಳೂ ಉಸಿರಾಡುತ್ತದೆ. ಆಮ್ಲಜನಕವನ್ನು ಬಳಸಿ ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ. ಹುಳು ಬದುಕದೆ ಕಾಳು ಉಳಿಯುವುದು ಅದರಿಂದಲೇ. ಬಾಯಿ ತೆರೆದ ಕೂಡಲೇ ಇಳಿದವನ ಜೀವಕ್ಕೆ ಮುಳುವಾಗುವುದೂ ಅದರಿಂದಲೇ. ಹಗೇವನ್ನು ಬಹಳ ಹೊತ್ತು ತೆರೆದಿಟ್ಟು, ದೀಪ ಇಳಿಬಿಟ್ಟು ನೋಡಿ, ಆಮೇಲೆ ಇಳಿಯುವ ಹಿರಿಯರ ಪದ್ಧತಿಯಲ್ಲಿ ಪ್ರೀಸ್ಟ್ಲಿ ಕಂಡ ಅದೇ ಸತ್ಯವಿದೆ. ಆದರೆ ದೀಪ ಉರಿಯಿತೆಂಬ ಮಾತ್ರಕ್ಕೆ ಜಾಗ ಸುರಕ್ಷಿತ ಎನ್ನುವಂತಿಲ್ಲ. ಮ್ಯಾನ್‌ಹೋಲಿನಂಥ ಕಡೆ ಹೊತ್ತಿಕೊಳ್ಳುವ ಅನಿಲವೂ ವಿಷಾನಿಲವೂ ಇರಬಹುದಾದ್ದರಿಂದ ಅಲ್ಲಿ ದೀಪ ಹಿಡಿಯುವುದೇ ಅಪಾಯ.

ಎಲ್ಲಕ್ಕಿಂತ ಮುಖ್ಯವಾದ ಮಾತು: ಬಾವಿ, ಗುಂಡಿ, ನೆಲಮಾಳಿಗೆಯಲ್ಲಿ ಒಬ್ಬರು ಕುಸಿದುಬಿದ್ದುದನ್ನು ಕಂಡರೆ ಅವರನ್ನು ಎತ್ತಲು ನೀವು ಒಳಕ್ಕೆ ಇಳಿಯಬೇಡಿ. ಮೊದಲನೆಯವರನ್ನು ಉಳಿಸಲು ಹೋದ ಎರಡನೆಯವರು, ಅವರ ಹಿಂದೆ ಮೂರನೆಯವರು ಹೀಗೆಯೇ ಸಾಯುತ್ತಾರೆ. ಮೇಲಿನಿಂದಲೇ ಕೂಗಿ ಜನರನ್ನು ಸೇರಿಸಿ, 112ಕ್ಕೆ ಫೋನ್ ಮಾಡಿ, ಉಸಿರಾಟದ ಉಪಕರಣವಿರುವ ಅಗ್ನಿಶಾಮಕ ದಳದವರನ್ನು ಕರೆಸಿ.

ಯೋಚಿಸಿ, ಉತ್ತರಿಸಿ

1. ಸಮುದ್ರಮಟ್ಟದಲ್ಲಿರುವ ಒಂದು ಪೀಪಾಯಿಗೆ ಶೇಕಡ 40 ಇಂಗಾಲದ ಡೈಆಕ್ಸೈಡ್ ಇರುವ ಮಿಶ್ರಣವನ್ನು ಜೋಡಿಸಿದೆ. ಮಾಪಕ 1.5 ಅಟ್ಮಾಸ್ಫಿಯರ್ ತೋರಿಸುತ್ತಿದೆ. ಇಂಗಾಲದ ಡೈಆಕ್ಸೈಡಿನ ಆಂಶಿಕ ಒತ್ತಡ ಎಷ್ಟು?

2. ಮಂಗಳೂರಿನಲ್ಲಿ ಮಾಪಕ 0.8 ತೋರಿಸುವಂತೆ ಇಟ್ಟ ಶುದ್ಧ ಇಂಗಾಲದ ಡೈಆಕ್ಸೈಡಿನ ಸೋಡಾ ಯಂತ್ರವನ್ನು ಬೆಂಗಳೂರಿಗೆ ತಂದು ಅದೇ 0.8ರಲ್ಲಿ, ಅದೇ ತಾಪಮಾನದಲ್ಲಿ ನಡೆಸಿದರೆ ಸೋಡಾ ತುಸು ಸಪ್ಪೆಯಾಗುತ್ತದೆ. ಏಕೆ?

3. ಸೋಡಾ ಬಾಟಲಿಯೊಂದನ್ನು ತೆರೆದು, ಅದರೊಳಕ್ಕೆ ಪಂಪಿನಿಂದ ಗಾಳಿ ತುಂಬಿ ಮುಚ್ಚಳ ಬಿಗಿದಿಟ್ಟರೆ, ಒಳಗೆ ಉಳಿದ ಇಂಗಾಲದ ಡೈಆಕ್ಸೈಡ್ ಕರಗಿಯೇ ಇರುವಂತೆ ಆ ಗಾಳಿ ತಡೆಯಬಲ್ಲದೇ?

ಉತ್ತರಗಳು: (1) ನಿರಪೇಕ್ಷ ಒತ್ತಡ 2.5, ಅದರ ಶೇಕಡ 40 ಎಂದರೆ 1 ಅಟ್ಮಾಸ್ಫಿಯರ್. (2) ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಸುಮಾರು 0.9 ಅಟ್ಮಾಸ್ಫಿಯರ್. ಮಾಪಕ 0.8ನ್ನೇ ತೋರಿಸಿದರೂ ನಿರಪೇಕ್ಷ ಒತ್ತಡ 1.8ರ ಬದಲು 1.7 ಮಾತ್ರ. (3) ಇಲ್ಲ. ತುಂಬಿದ ಗಾಳಿ ಸಾರಜನಕ ಮತ್ತು ಆಮ್ಲಜನಕಗಳ ಪಾಲನ್ನಷ್ಟೇ ಏರಿಸುತ್ತದೆ. ಮೇಲಿನ ಖಾಲಿ ಜಾಗದಲ್ಲಿ ಇಂಗಾಲದ ಡೈಆಕ್ಸೈಡಿನ ಪಾಲು ಸಾಕಷ್ಟು ಏರುವವರೆಗೆ ಅದು ನೀರಿನಿಂದ ಹೊರಬರುತ್ತಲೇ ಇರುತ್ತದೆ. ಆದ್ದರಿಂದ ಉಳಿದ ಸೋಡಾವನ್ನು ಸಣ್ಣ ಬಾಟಲಿಗೆ ಮೆಲ್ಲಗೆ ಕಂಠಮಟ್ಟ ತುಂಬಿ, ಮುಚ್ಚಿ, ತಣ್ಣಗಿಡುವುದೇ ಒಳ್ಳೆಯ ಉಪಾಯ.